ಲೇಕ್ ವಾಷಿಂಗ್ಟನ್‌ನ ತಳದಲ್ಲಿ ಹಳೆಯ ಭೂಕಂಪದ ಗುರುತು

ಸಿಯಾಟಲ್ ನಗರದ ಪೂರ್ವಕ್ಕೆ ಉದ್ದವಾಗಿ ಚಾಚಿಕೊಂಡಿರುವ ಸರೋವರ ಲೇಕ್ ವಾಷಿಂಗ್ಟನ್. ಅದರ ಆಚೆ ದಡದ ಬೆಲ್‌ವ್ಯೂ, ರೆಡ್ಮಂಡ್ ಕಡೆ ಕನ್ನಡದವರು ಬೇಕಾದಷ್ಟು ಜನ ಇದ್ದಾರೆ. ಬೇಸಿಗೆ ಬಂದರೆ ಮಕ್ಕಳನ್ನು ಕಟ್ಟಿಕೊಂಡು ದಡಕ್ಕೆ ಬರುತ್ತಾರೆ. ತೇಲುವ ಸೇತುವೆಯ ಮೇಲೆ ಕೆಲಸಕ್ಕೆ ಓಡಾಡುತ್ತಾರೆ. ಆ ನೀರಿನ ಅಡಿಯಲ್ಲಿ, ಕೆಲವೆಡೆ 60 ಮೀಟರ್‌ಗೂ ಜಾಸ್ತಿ ಆಳದಲ್ಲಿ ಕೆಸರಿದೆ. ಹಳೆಯ ಭೂಕಂಪಗಳ ಗುರುತು ಉಳಿದಿರುವುದು ಆ ಕೆಸರಿನಲ್ಲೇ. ಈ ಅಕ್ಟೋಬರ್‌ನಲ್ಲಿ ಅದನ್ನು ಹುಡುಕುವ ತಂಡದ ಜೊತೆ ದೋಣಿಯಲ್ಲಿ ಸೋನಾರ್ ನಡೆಸುವ ಕೆಲಸ ನನಗೆ ಸಿಕ್ಕಿತು.

ದೋಣಿ ಮನುಷ್ಯ ನಡೆಯುವ ವೇಗದಲ್ಲಿ ಹೋಗಬೇಕು, ಅದೂ ನೇರ ಗೆರೆಯಲ್ಲಿ. ಸೋನಾರ್ ಕೆಳಕ್ಕೆ ಬಿಡುವ ಸದ್ದು ತಳಕ್ಕೆ ಬಡಿದು ಸುಮ್ಮನೆ ವಾಪಸ್ ಬರುವುದಿಲ್ಲ. ಸ್ವಲ್ಪ ಭಾಗ ಕೆಸರಿನೊಳಗೂ ಇಳಿಯುತ್ತದೆ. ಒಂದೊಂದು ಪದರಕ್ಕೆ ತಾಗಿದಾಗಲೂ ಅಷ್ಟಷ್ಟು ಹಿಂದಿರುಗುತ್ತದೆ. ಪರದೆಯ ಮೇಲೆ ಆ ಪದರಗಳು ಟ್ರಂಕಿನಲ್ಲಿ ಮಡಿಸಿಟ್ಟ ಸೀರೆಗಳ ಹಾಗೆ ಒಂದರ ಮೇಲೊಂದು ಕಾಣುತ್ತವೆ. ಬೆಳಗ್ಗೆಯಿಡೀ ಹಾಗೇ ಕಂಡವು. ಆಮೇಲೆ ಒಂದು ಇಳಿಜಾರಿನ ಬುಡಕ್ಕೆ ಬಂದೆವು. ಗೆರೆಗಳೆಲ್ಲ ಕಲಸಿಹೋಗಿ ಬರೀ ಮಬ್ಬು ಗುಡ್ಡೆ ಕಾಣಿಸಿತು. ಯಾವತ್ತೋ ಮೇಲಿನ ಮಣ್ಣು ಜಾರಿ ಬಂದು ಅಲ್ಲಿ ನಿಂತಿದೆ.

ಮಣ್ಣು ಜಾರಿದ ಮಾತ್ರಕ್ಕೆ ಭೂಕಂಪ ಆಗಿತ್ತು ಅನ್ನುವ ಹಾಗಿಲ್ಲ. ಈ ಕೆಲಸದಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾಗುವುದು ಈ ಎಚ್ಚರಿಕೆಯೇ. ನೆಲ ನಡುಗಿದರೆ ನೀರಿನಡಿಯ ಇಳಿಜಾರುಗಳು ಕುಸಿಯುತ್ತವೆ, ಕೆಸರು ಮೋಡದ ಹಾಗೆ ಏಳುತ್ತದೆ. ಮೊದಲು ಮರಳು ಕೂರುತ್ತದೆ, ಕೊನೆಗೆ ನುಣುಪು ಜೇಡಿ. ಆದರೆ ದೊಡ್ಡ ನೆರೆ ಬಂದರೂ ಮರಳು, ಮಣ್ಣಿನ ಒಂದು ಪದರ ಬೀಳಬಹುದಲ್ವಾ? ದಕ್ಷಿಣದ ತುದಿಯಲ್ಲಿ, ರೆಂಟನ್ ಹತ್ತಿರ, ಸೀಡರ್ ನದಿ ಸರೋವರಕ್ಕೆ ಸೇರುತ್ತದೆ. ನೆರೆಯ ಪದರ ನದಿಯ ಬಾಯಲ್ಲಿ ದಪ್ಪಗಿದ್ದು, ದೂರ ಹೋದಂತೆ ತೆಳ್ಳಗಾಗುತ್ತದೆ. ಭೂಕಂಪ ಹಾಗಲ್ಲ, ಎಲ್ಲ ಕಡೆಯ ಇಳಿಜಾರನ್ನೂ ಒಂದೇ ಗಳಿಗೆಯಲ್ಲಿ ಅಲ್ಲಾಡಿಸುತ್ತದೆ. ಆದ್ದರಿಂದ ನದಿಯ ಮಣ್ಣು ಸುಲಭವಾಗಿ ತಲುಪದ ಕುಳಿಗಳಲ್ಲಿ, ಒಂದಕ್ಕೊಂದು ದೂರದ ಜಾಗಗಳಲ್ಲಿ, ಒಂದೇ ಕಾಲದ ಪದರ ಸಿಗಬೇಕು. ಒಂದು ಕಡೆ ಮಾತ್ರ ಸಿಕ್ಕರೆ ಅದು ಸಾಕ್ಷಿಯಾಗುವುದಿಲ್ಲ.

ಮಧ್ಯಾಹ್ನ ಕೊಳವೆ ಇಳಿಸಿದೆವು. ತಲೆಗೆ ಸೀಸದ ಭಾರ ಕಟ್ಟಿದ ಪಾರದರ್ಶಕ ಕೊಳವೆ ಅದು. ತನ್ನ ಭಾರಕ್ಕೇ ಕೆಸರಿಗೆ ನಾಟಿಕೊಳ್ಳುತ್ತದೆ. ಮೇಲೆತ್ತಿದ ತಕ್ಷಣ ಕೆಳಬಾಯಿ ಮುಚ್ಚಬೇಕು, ಟೇಪ್ ಸುತ್ತಬೇಕು, ಯಾವ ಕಡೆ ಮೇಲು ಎಂದು ಬಾಣದ ಗುರುತು ಹಾಕಬೇಕು. ಕೊಳವೆಯನ್ನು ನೆಟ್ಟಗೆ ಹಿಡಿದುಕೊಂಡಿದ್ದೆ. ಕಂದು ಕೆಸರಿನ ನಡುವೆ ಬೂದು ಬಣ್ಣದ ಒಂದು ಪಟ್ಟಿ ಕಂಡಿತು. ಅದರ ತಳದ ಗೆರೆ ಕತ್ತರಿಸಿದಷ್ಟು ನಿಚ್ಚಳವಾಗಿತ್ತು. ನಾನು ತಂಡದ ಹಿರಿಯ ವಿಜ್ಞಾನಿಯ ಮುಖ ನೋಡಿದೆ. ಅವರು ನಕ್ಕು, "ಈಗಲೇ ಅದಕ್ಕೆ ಹೆಸರಿಡೋದು ಬೇಡ" ಅಂದರು.

ಅಲ್ಲಿಂದ ಸರೋವರದ ನಡುವಿನ ಮರ್ಸರ್ ದ್ವೀಪದ ದಕ್ಷಿಣದ ತುದಿಗೆ ಹೋದೆವು. ಅಲ್ಲಿ ನೀರಿನಡಿ ಕಾಡಿದೆ. ಗುಡ್ಡದ ಬದಿ ಮರಗಳ ಸಮೇತ ಸರೋವರಕ್ಕೆ ಜಾರಿತ್ತು. ಕೆಲವು ಮರ ಈಗಲೂ ನಿಂತೇ ಇವೆ. ಸೋನಾರ್‌ನಲ್ಲಿ ಆ ಕಾಂಡಗಳು ಒಂದೊಂದಾಗಿ ಮೂಡಿದಾಗ ನನಗೆ ಮೈ ಜುಮ್ಮೆಂದಿತು. ಸರೋವರದ ಇಂಥ ಮರವನ್ನೂ, ಸಮುದ್ರದ ಕಡೆಯ ವೆಸ್ಟ್ ಪಾಯಿಂಟ್‌ನಲ್ಲಿ ಸುನಾಮಿಯ ಮರಳಿನಲ್ಲಿ ಸಿಕ್ಕ ದಿಮ್ಮಿಯನ್ನೂ 1992ರಲ್ಲಿ ಹೋಲಿಸಿ ನೋಡಿದ್ದರು. ಕಾಂಡದೊಳಗೆ ವರ್ಷಕ್ಕೊಂದರಂತೆ ಮೂಡುವ ಉಂಗುರಗಳ ಲೆಕ್ಕದಲ್ಲಿ ಎರಡೂ ಸತ್ತದ್ದು ಒಂದೇ ವರ್ಷ, ಒಂದೇ ಋತುವಿನಲ್ಲಿ. ಅಂದರೆ ಗುಡ್ಡ ಜಾರಿಸಿದ್ದೂ ಸಮುದ್ರ ಏರಿಸಿದ್ದೂ ಒಂದೇ ಭೂಕಂಪ. ವರ್ಷ ಗೊತ್ತಾಗಿದ್ದು ಈಚೆಗೆ. ಕ್ರಿ.ಶ. 774-75ರ ಹೊತ್ತಿಗೆ ಜಗತ್ತಿನ ಮರಗಳಲ್ಲೆಲ್ಲ ಕಾರ್ಬನ್-14, ಅಂದರೆ ಮರಗಳು ಗಾಳಿಯಿಂದ ಹೀರಿಕೊಳ್ಳುವ ಒಂದು ಬಗೆಯ ವಿಕಿರಣಶೀಲ ಇಂಗಾಲ, ಒಮ್ಮೆಲೇ ಏರಿತ್ತು. ಆ ಗುರುತಿರುವ ಉಂಗುರ ಹಿಡಿದರೆ ಉಳಿದ ಉಂಗುರಗಳ ವರ್ಷ ಖಚಿತವಾಗುತ್ತದೆ. ಈ ಪ್ರದೇಶದಲ್ಲಿ ಹೀಗೆ ಸತ್ತ ಮರಗಳ ಮೇಲೆ 2023ರಲ್ಲಿ ಬಂದ ಅಧ್ಯಯನ, ಅವು ಸತ್ತದ್ದು 923ರ ಕೊನೆಗೆ ಅಥವಾ 924ರ ಆರಂಭದಲ್ಲಿ ಎಂದು ಹೇಳಿತು. ಪಕ್ಕದ ಬೇನ್‌ಬ್ರಿಜ್ ದ್ವೀಪದ ಒಂದು ಮೂಲೆ ಆಗ ಸುಮಾರು 7 ಮೀಟರ್ ಮೇಲಕ್ಕೆದ್ದಿತ್ತು! ಅದನ್ನು ಎತ್ತಿದ್ದು ಸಿಯಾಟಲ್ ಬಿರುಕು, ಅಂದರೆ ನೆಲದೊಳಗಿನ ಬಂಡೆ ಸೀಳಿ ಜರುಗುವ ಜಾಗ. ಅದು ಈ ಸರೋವರದ ಅಡಿಯಲ್ಲೂ ಹಾದುಹೋಗುತ್ತದೆ.

ನಾನು ಕಲಬುರಗಿ ಜಿಲ್ಲೆಯ ಆಳಂದದವನು. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಮಹಾರಾಷ್ಟ್ರದ ಲಾತೂರ್ ಜಿಲ್ಲೆಯ ಕಿಲ್ಲಾರಿ ನಡುಗಿದಾಗ ಇನ್ನೂ ಚಿಕ್ಕವನು. ಗಣಪತಿ ಕಳಿಸಿ ಬಂದ ಜನ ದಣಿದು ಮಲಗಿದ್ದರು. ಅವ್ವ ನನ್ನನ್ನು ಎತ್ತಿಕೊಂಡು ಓಣಿಗೆ ಓಡಿದ್ದು ನೆನಪಿದೆ. ನಮ್ಮ ಮನೆ ನಿಂತಿತು. ಗಡಿಯಾಚೆಯ ಊರುಗಳಲ್ಲಿ ಕಲ್ಲು ಮಣ್ಣಿನ ದಪ್ಪ ಗೋಡೆ, ಮೇಲಿನ ಮಣ್ಣಿನ ಮಾಳಿಗೆ, ಎಲ್ಲ ಮಲಗಿದವರ ಮೇಲೆಯೇ ಬಿದ್ದವು. ಹತ್ತಿರ ಹತ್ತಿರ 10,000 ಜನ ಹೋದರು. "ನಮ್ಮ ಕಡಿ ಇಂಥಾದ್ದು ಎಂದೂ ಆಗಿಲ್ಲ" ಎಂದು ಅಜ್ಜ ಎಷ್ಟೋ ದಿನ ಹೇಳುತ್ತಿದ್ದರು. ಅವರೊಬ್ಬರೇ ಅಲ್ಲ, ಆಗಿನ ಭೂಕಂಪ ನಕ್ಷೆಯಲ್ಲೂ ಕಿಲ್ಲಾರಿ ಇದ್ದದ್ದು ಅತಿ ಕಡಿಮೆ ಅಪಾಯದ ಒಂದನೇ ವಲಯದಲ್ಲಿ. 2002ರಲ್ಲಿ ಆ ವಲಯವನ್ನೇ ನಕ್ಷೆಯಿಂದ ತೆಗೆದರು. ಜನರ ನೆನಪು ಮೂರು ನಾಲ್ಕು ತಲೆಮಾರಿನದು. ನೆಲ ಸಾವಿರ ವರ್ಷಕ್ಕೊಮ್ಮೆ ನಡುಗುವ ಕಡೆ ಅದನ್ನು ನಂಬಿ ಮನೆ ಕಟ್ಟಲಾಗದು. ಕೆಸರನ್ನೇ ಕೇಳಬೇಕು. ಈ ಕೆಲಸಕ್ಕೆ ಕರೆದಾಗ ನಾನು ಹಿಂದೆಮುಂದೆ ನೋಡದೆ ಒಪ್ಪಿದ್ದು ಇದಕ್ಕೇ.

ಕೊಳವೆಗಳು ಈಗ ಪ್ರಯೋಗಾಲಯದ ತಣ್ಣನೆ ಕೋಣೆಯಲ್ಲಿವೆ. ಉದ್ದಕ್ಕೆ ಸೀಳಿ, ಬೂದು ಪಟ್ಟಿಯ ಕೆಳಗೆ ಎಲೆಯ ಚೂರೋ ಕಡ್ಡಿಯೋ ಸಿಕ್ಕರೆ ಅದರ ವಯಸ್ಸು ನೋಡುತ್ತಾರೆ. ದ್ವೀಪದ ಎರಡೂ ಬದಿಯ ಪಟ್ಟಿಗೆ ಒಂದೇ ಕಾಲ ಬಂದರೆ ಮಾತ್ರ ಭೂಕಂಪದ ಮಾತು. ಫಲಿತಾಂಶ ಬರಲು ಕೆಲವು ತಿಂಗಳು ಬೇಕು. ಅಷ್ಟರೊಳಗೆ ರೆಂಟನ್‌ನ ನಮ್ಮ ಹಳೆಯ ಮರದ ಮನೆಯನ್ನು ಅದರ ತಳಪಾಯಕ್ಕೆ ಬೋಲ್ಟ್ ಹಾಕಿ ಬಿಗಿಸಬೇಕು ಎಂದು ನಾನು, ನನ್ನ ಹೆಂಡತಿ ಮಾತಾಡಿಕೊಂಡಿದ್ದೇವೆ. ಕೆಲಸದವರು ಮುಂದಿನ ವಾರ ಅಳತೆಗೆ ಬರುತ್ತಾರೆ.