ನಮ್ಮನೆ ಡಬ್ಬ ಮತ್ತು ಆಮೋಸ

ಸೆಪ್ಟೆಂಬರ್‌ನ ಒಂದು ಭಾನುವಾರ ಚರ್ಚಿನಲ್ಲಿ ಬೈಬಲಿನ ಪ್ರವಾದಿ ಆಮೋಸನ ಪುಸ್ತಕದಿಂದ ಎಂಟನೇ ಅಧ್ಯಾಯ ಓದಿದರು. ಹೆಂಚಿನ ಮೇಲೆ ಮಳೆ ಹೊಡೆಯುತ್ತಿತ್ತು, ಅರ್ಧ ಕೇಳಿಸಿತು, ಅರ್ಧ ಇಲ್ಲ. ಕೇಳಿಸಿದ್ದರಲ್ಲಿ ಒಂದು ಮಾತು ಮಾತ್ರ ತಲೆಯಲ್ಲಿ ಕೂತುಬಿಟ್ಟಿತು. ಅಳತೆ ಕಿರಿದು ಮಾಡಿ, ತೂಕದ ಕಲ್ಲು ಹಿರಿದು ಮಾಡಿ, ಗೋಧಿಯ ಹೊಟ್ಟನ್ನೂ ಮಾರುವವರ ಮಾತು.

ಮನೆಗೆ ಬಂದು ಪೂರ್ತಿ ಓದಿದೆ. ಒಂಬತ್ತೇ ಅಧ್ಯಾಯ, ಜಾಸ್ತಿ ಹೊತ್ತು ಹಿಡಿಯಲ್ಲ.

ಈ ಆಮೋಸ ಗುರುವೂ ಅಲ್ಲ, ಪ್ರವಾದಿಗಳ ಮನೆತನದವನೂ ಅಲ್ಲ. ದಕ್ಷಿಣದ ಯೆಹೂದ ರಾಜ್ಯದ ತೆಕೋವ ಅನ್ನುವ ಊರಲ್ಲಿ ಕುರಿ ಕಾಯ್ದುಕೊಂಡು, ಅತ್ತಿಹಣ್ಣು ನೋಡಿಕೊಂಡು ಇದ್ದವನು. ಕ್ರಿ.ಪೂ. 8ನೇ ಶತಮಾನ. ಉತ್ತರದ ಇಸ್ರಯೇಲ್ ರಾಜ್ಯದಲ್ಲಿ ರಾಜ ಎರಡನೇ ಯಾರೊಬ್ಬಾಮನ ಕಾಲ, ಉಳ್ಳವರಿಗೆ ಒಳ್ಳೆ ಕಾಲ. ದಂತದ ಮಂಚ, ಬೇಸಿಗೆಗೊಂದು ಮನೆ, ಚಳಿಗಾಲಕ್ಕೊಂದು ಮನೆ. ಅಲ್ಲಿಗೆ ಹೋಗಿ ಇವನು ದೇವರ ತೀರ್ಪು ಬರುತ್ತದೆ ಅಂದ. ಅಲ್ಲಿನ ಬೇತೇಲ್ ಗುಡಿಯ ಯಾಜಕ ಅಮಚ್ಯ, ನಿನ್ನ ಊರಿಗೆ ಹೋಗಿ ಅಲ್ಲೇ ಪ್ರವಾದನೆ ಹೇಳಿ ಹೊಟ್ಟೆ ಹೊರೆದುಕೋ ಅಂತ ಅಟ್ಟಲು ನೋಡಿದ.

ನನಗೆ ಮಜಾ ಅನಿಸಿದ್ದು ಅವನು ಮಾತು ಶುರು ಮಾಡುವ ರೀತಿ. ಮೊದಲು ದಮಸ್ಕದ ತಪ್ಪು, ಆಮೇಲೆ ಗಾಜಾ, ತೂರ್, ಎದೋಮ್, ಅಮ್ಮೋನ್, ಮೋವಾಬ್, ಕೊನೆಗೆ ಪಕ್ಕದ ಯೆಹೂದ. ಕೇಳುತ್ತಿದ್ದವರು ಹೌದು ಹೌದು ಅಂತ ತಲೆ ಆಡಿಸಿರಬೇಕು, ಬೇರೆಯವರ ತಪ್ಪು ಎಣಿಸುವಾಗ ಯಾರಿಗೆ ಬೇಜಾರು ಹೇಳಿ? ಎಲ್ಲರದೂ ಮುಗಿದ ಮೇಲೆ ಇಸ್ರಯೇಲ್ ಅಂದ. ಒಂದು ಜೊತೆ ಚಪ್ಪಲಿಗೆ ಬಡವನನ್ನು ಮಾರಿದವರು ನೀವೇ ಅಂದ.

ಅವರೆಲ್ಲ ಸರ್ವೇಶ್ವರನ ದಿನ ಬರಲಿ ಅಂತ ಕಾಯುತ್ತಿದ್ದರಂತೆ, ಅವತ್ತು ವೈರಿಗಳಿಗೆ ಶಾಸ್ತಿ ಆಗುತ್ತದೆ ಅಂತ. ಆ ದಿನ ನಿಮಗೆ ಕತ್ತಲೆ ಅನ್ನುತ್ತಾನೆ ಆಮೋಸ. ಸಿಂಹದಿಂದ ತಪ್ಪಿಸಿಕೊಂಡು ಓಡಿದವನಿಗೆ ಕರಡಿ ಎದುರಾದ ಹಾಗೆ, ಮನೆಗೆ ಬಂದು ಗೋಡೆಗೆ ಕೈ ಊರಿದರೆ ಹಾವು ಕಚ್ಚಿದ ಹಾಗೆ. ಕೊಟ್ಟಿಗೆ ಗೋಡೆಯ ಸಂದಿಯಲ್ಲಿ ಹಾವು ನೋಡಿ ಬೆಳೆದ ನಮಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ.

ಈಗ ನಮ್ಮನೆ ವಿಷಯ. ತೀರ್ಥಹಳ್ಳಿ ಕಡೆ ಸಣ್ಣ ಅಡಿಕೆ ತೋಟ. ಮಂಡಿಯಲ್ಲಿ ತೂಕದಲ್ಲಿ ಹೊಡೆಯುತ್ತಾರೆ ಅಂತ ಅಪ್ಪ ಬೈಯದ ವರ್ಷವಿಲ್ಲ, ನಾನೂ ದನಿ ಸೇರಿಸಿದವನೇ. ಆದರೆ ಕೊಯ್ಲು ಶುರುವಾದರೆ ನಮ್ಮ ಅಂಗಳದಲ್ಲಿ ಮೆಟ್ಟುಗತ್ತಿ ಹಾಕಿಕೊಂಡು ರಾತ್ರಿ ಹತ್ತರವರೆಗೆ ಅಡಿಕೆ ಸುಲಿಯುವ ಹೆಂಗಸರಿಗೆ ಕೂಲಿ ಡಬ್ಬದ ಲೆಕ್ಕ. ಆ ಡಬ್ಬವನ್ನು ನೆಲಕ್ಕೆ ಕುಕ್ಕಿ ಕುಕ್ಕಿ, ಮೇಲೆ ಗೋಪುರ ಎಬ್ಬಿಸಿ, ಆಮೇಲೇ ಒಂದು ಅಂತ ಗೀಟು ಎಳೆಯುವುದು. ಕುಕ್ಕುವವನು ನಾನು. ಚಿಕ್ಕಂದಿನಿಂದ ನನ್ನದೇ ಕೆಲಸ, ಅದು ತಪ್ಪು ಅಂತ ಒಂದು ದಿನವೂ ಹೊಳೆದಿರಲಿಲ್ಲ.

ಬೆಂಕಿ, ಭೂಕಂಪ ಅಂತ ಹೆದರಿಸುವ ಉಪದೇಶ ಬೇಕಾದಷ್ಟು ಕೇಳಿದ್ದೇನೆ, ನನಗೆ ಅವು ತಾಗಿದ್ದೇ ಇಲ್ಲ. ಇದು ತಾಗಿತು. ಯಾಕೆಂದರೆ ಇಲ್ಲಿ ದೇವರ ಸಿಟ್ಟು ನೇರವಾಗಿ ಅಳತೆ ಪಾತ್ರೆಯ ಮೇಲೇ ಬಂದು ನಿಂತಿದೆ. ಪೂಜೆ, ಹಾಡು ಚೆನ್ನಾಗಿ ನಡೆದಿದ್ದರೂ ಅವನಿಗೆ ಅದು ಬೇಡ, ನ್ಯಾಯ ಬತ್ತದ ಹೊಳೆಯ ಹಾಗೆ ಹರಿಯಲಿ ಅನ್ನುತ್ತಾನೆ. ಇಸ್ರಯೇಲಿನ ಜನ ಆ ಮಾತಿಗೆ ಕಿವಿ ಕೊಡಲಿಲ್ಲ, ಕ್ರಿ.ಪೂ. 722ರ ಹೊತ್ತಿಗೆ ಅವರ ರಾಜಧಾನಿ ಸಮಾರ್ಯ ಅಸ್ಸೀರಿಯದವರ ಕೈಗೆ ಹೋಯಿತು.

ಈ ಸಲ ಡಬ್ಬದ ಒಳಗೆ ಕೆಂಪು ಪೇಂಟಿನಲ್ಲಿ ಗೀಟು ಹಾಕಿದೆ. ಕುಕ್ಕೋದಿಲ್ಲ, ಇಲ್ಲಿಗೆ ಬಂದರೆ ಒಂದು. ಅಪ್ಪ ನೋಡಿದರು, ಏನೂ ಅನ್ನಲಿಲ್ಲ, ಎಲೆಅಡಿಕೆ ಹಾಕಿಕೊಂಡು ಒಳಗೆ ಹೋದರು. ಸುಲಿಯಲು ಬಂದ ಅಕ್ಕ ಒಬ್ಬರು ಗೀಟನ್ನು ಬೆರಳಲ್ಲಿ ಮುಟ್ಟಿ ನೋಡಿ ಕೇಳಿದರು:

"ಹಾಗಾದ್ರೆ ಈ ವರ್ಷ ರೇಟು ಇಳಿಸ್ತೀರಾ ತಮ್ಮಾ?"

ಇಲ್ಲ ಅಕ್ಕ ಅಂದೆ. ಅವರು ಇನ್ನೊಂದು ಸಲ ಗೀಟು ನೋಡಿ ಕತ್ತಿಯ ಮುಂದೆ ಕೂತರು.