ತೋಟದ ಇಳಿಜಾರು ಮತ್ತು ಮಂಡಿಯ ಮೃದ್ವಸ್ಥಿ

ಕಾಫಿ ಕೊಯ್ಲು ಮುಗಿಯುತ್ತ ಬರುವ ಫೆಬ್ರವರಿ, ಮಾರ್ಚ್ ತಿಂಗಳುಗಳಲ್ಲಿ ಚಿಕ್ಕಮಗಳೂರಿನ ನನ್ನ ಫಿಸಿಯೋಥೆರಪಿ ಕೊಠಡಿಗೆ ಮಂಡಿನೋವಿನವರು ಹೆಚ್ಚಾಗಿ ಬರುತ್ತಾರೆ. ಮೂಡಿಗೆರೆ, ಆಲ್ದೂರು ಕಡೆಯ ತೋಟಗಳಲ್ಲಿ ಮೊದಲು ಅರೇಬಿಕಾ, ಅದರ ಬೆನ್ನಿಗೇ ರೊಬಸ್ಟಾ ಹಣ್ಣು ಕೊಯ್ದು ದಣಿದ ಹೆಂಗಸರೇ ಇವರಲ್ಲಿ ಹೆಚ್ಚು. ಕೈಯಲ್ಲೊಂದು ಎಕ್ಸ್‌ರೇ ಇರುತ್ತದೆ, ಜೊತೆಗೆ ಯಾರೋ ಹೇಳಿ ಕಳಿಸಿದ ಮಾತೂ ಇರುತ್ತದೆ: ‘ಮಂಡಿಯಲ್ಲಿ ಜೆಲ್ ಖಾಲಿಯಾಗಿದೆ, ಇನ್ನು ಕಾಲಿಗೆ ಕೆಲಸ ಕೊಡಬೇಡಿ.’ ಈ ಮಾತನ್ನು ನಂಬಿ ಕಾಲು ಚಾಚಿ ಕುಳಿತವರ ಸ್ಥಿತಿ ವರ್ಷದೊಳಗೆ ಎಲ್ಲಿಗೆ ಬರುತ್ತದೆ ಎಂಬುದನ್ನು ಹತ್ತಿರದಿಂದ ನೋಡುತ್ತಿರುವುದರಿಂದ, ಮಂಡಿಯೊಳಗೆ ನಿಜವಾಗಿ ಏನಾಗುತ್ತದೆ ಎಂದು ವಿವರವಾಗಿ ಬರೆಯಬೇಕೆನಿಸಿತು.

ತೊಡೆಮೂಳೆ ಮತ್ತು ಮೊಣಕಾಲಿನ ಕೆಳಗಿನ ಮೂಳೆ ಒಂದನ್ನೊಂದು ಸಂಧಿಸುವ ತುದಿಗಳ ಮೇಲೆ ಕೆಲವೇ ಮಿಲಿಮೀಟರ್ ದಪ್ಪದ, ಬಿಳಿಯ, ನುಣುಪಾದ ಹೊದಿಕೆಯೊಂದಿದೆ. ಅದೇ ಮೃದ್ವಸ್ಥಿ. ಅದರ ತೂಕದಲ್ಲಿ ಮೂರನೇ ಎರಡು ಭಾಗಕ್ಕೂ ಹೆಚ್ಚು ನೀರು. ಉಳಿದದ್ದು ಬಹುಪಾಲು ಕೊಲಾಜನ್ ಎಳೆಗಳು ಮತ್ತು ಆ ಎಳೆಗಳ ನಡುವೆ ನೀರನ್ನು ಹಿಡಿದಿಟ್ಟುಕೊಳ್ಳುವ ಪ್ರೋಟಿಯೋಗ್ಲೈಕಾನ್ ಅಣುಗಳು. ಇದನ್ನೆಲ್ಲ ಕಟ್ಟಿ ಕಾಪಾಡುವ ಜೀವಕೋಶಗಳು ಅಲ್ಲಲ್ಲಿ ಒಂದೊಂದರಂತೆ, ಬಹಳ ವಿರಳವಾಗಿವೆ. ಬೆಳೆದ ಮನುಷ್ಯನ ಮೃದ್ವಸ್ಥಿಯಲ್ಲಿ ರಕ್ತನಾಳವೂ ಇಲ್ಲ, ನರವೂ ಇಲ್ಲ. ಚರ್ಮ ಹರಿದರೆ ರಕ್ತ ಹರಿದು ಬಂದು ಗಾಯವನ್ನು ಮಾಯಿಸುತ್ತದೆ, ಮೂಳೆ ಮುರಿದರೂ ಕೂಡಿಕೊಳ್ಳುತ್ತದೆ, ಮೃದ್ವಸ್ಥಿಗೆ ಮಾತ್ರ ಆ ಅನುಕೂಲವಿಲ್ಲ. ಒಮ್ಮೆ ನಾಶವಾದ ಮೃದ್ವಸ್ಥಿ ಮತ್ತೆ ಮೊದಲಿನಂತಾಗುವುದಿಲ್ಲವೆಂದು ವಿಲಿಯಂ ಹಂಟರ್ ಎಂಬ ಅಂಗರಚನಾ ತಜ್ಞ ಲಂಡನ್ನಿನಲ್ಲಿ 1743ರಷ್ಟು ಹಿಂದೆಯೇ ಬರೆದಿದ್ದ. ನರವಿಲ್ಲದ ಕಾರಣ ಸವೆತದ ಮೊದಲ ವರ್ಷಗಳಲ್ಲಿ ನೋವೇ ಕಾಣದಿರಬಹುದು. ಮುಂದೆ ಕಾಣುವ ನೋವು ಅಡಿಯ ಮೂಳೆಯಿಂದ, ಕೀಲಿನ ಒಳಪೊರೆಯ ಉರಿಯೂತದಿಂದ, ಕೀಲನ್ನು ಸುತ್ತುವರಿದ ಚೀಲದಂಥ ಪೊರೆಯ ಎಳೆತದಿಂದ ಬರುವಂಥದ್ದು. ಎಕ್ಸ್‌ರೇಯಲ್ಲಿ ‘ಗ್ಯಾಪ್’, ಅಂದರೆ ಎರಡು ಮೂಳೆಗಳ ನಡುವೆ ಕಾಣುವ ಅಂತರ, ಬಹಳ ಕಡಿಮೆಯಾಗಿದ್ದರೂ ಚೆನ್ನಾಗಿ ನಡೆದಾಡುವವರು, ಗ್ಯಾಪ್ ಸಾಕಷ್ಟಿದ್ದರೂ ನರಳುವವರು ಇಬ್ಬರೂ ನಮ್ಮಲ್ಲಿಗೆ ಬರುವುದು ಈ ಕಾರಣಕ್ಕೇ.

ರಕ್ತವೇ ಹರಿಯದ ಈ ಪದರ ಬದುಕುವುದಾದರೂ ಹೇಗೆ? ಕಾಲೂರಿದಾಗ ಹಿಂಡಿದ ಬಟ್ಟೆಯಿಂದ ಹೊರಬೀಳುವಂತೆ ಅದರೊಳಗಿನ ನೀರು ಹೊರಕ್ಕೆ ಸರಿಯುತ್ತದೆ, ಕಾಲೆತ್ತಿದಾಗ ಕೀಲಿನೊಳಗಿನ ದ್ರವ ಒಳಕ್ಕೆ ಇಳಿಯುತ್ತದೆ, ಆ ದ್ರವದ ಜೊತೆಗೇ ಜೀವಕೋಶಗಳಿಗೆ ಬೇಕಾದ ಪೋಷಣೆಯೂ ತಲುಪುತ್ತದೆ. ಭಾರ ಬೀಳಬೇಕು, ಇಳಿಯಬೇಕು, ಮತ್ತೆ ಬೀಳಬೇಕು. ಬೆನ್ನುಹುರಿಗೆ ಪೆಟ್ಟಾಗಿ ಕಾಲಿನ ಚಲನೆಯನ್ನೇ ಕಳೆದುಕೊಂಡವರ ಮಂಡಿಯ ಮೃದ್ವಸ್ಥಿ ತೆಳುವಾಗುತ್ತ ಹೋಗುವುದನ್ನು ಎಂಆರ್‌ಐ ಅಧ್ಯಯನಗಳು ತೋರಿಸಿವೆ. ಆದ್ದರಿಂದ ಮಂಡಿನೋವಿರುವವರನ್ನು ಮೂಲೆಯಲ್ಲಿ ಕೂರಿಸುವುದೆಂದರೆ ಉಳಿದಿರುವ ಅಷ್ಟಿಷ್ಟು ಮೃದ್ವಸ್ಥಿಯನ್ನೂ ಉಪವಾಸ ಕೆಡವಿದಂತೆ ಎಂದು ನಾನು ಒತ್ತಿ ಹೇಳುತ್ತೇನೆ.

ಹಾಗೆಂದು ತೋಟದ ದುಡಿಮೆ ಒಳ್ಳೆಯ ವ್ಯಾಯಾಮವೆಂದು ಯಾರಾದರೂ ಹೇಳಿದರೆ ಅದನ್ನು ನಾನು ಒಪ್ಪುವುದಿಲ್ಲ. ಸಮತಟ್ಟಾದ ನೆಲದಲ್ಲಿ ನಡೆಯುವಾಗಲೇ ಮಂಡಿಯ ಮೇಲೆ ದೇಹತೂಕದ ಎರಡು ಮೂರು ಪಟ್ಟು ಭಾರ ಬೀಳುತ್ತದೆ. ಇಳಿಜಾರಿನಲ್ಲಿ ಇಳಿಯುವಾಗ, ಅದರಲ್ಲೂ ದಿನವಿಡೀ ಕೊಯ್ದ ಹಣ್ಣಿನ ಚೀಲವನ್ನು ಹೊತ್ತು ತೂಕದ ಜಾಗಕ್ಕೆ ಇಳಿಯುವಾಗ, ಆ ಭಾರ ಇನ್ನೂ ಏರುತ್ತದೆ. ದೇಹ ಮುಂದಕ್ಕೆ ಜಾರದಂತೆ ತೊಡೆಯ ಮುಂಭಾಗದ ಸ್ನಾಯು ಪ್ರತಿ ಹೆಜ್ಜೆಯಲ್ಲೂ ಬಿಗಿಹಿಡಿಯಬೇಕು, ಆ ಬಿಗಿಯೇ ಮಂಡಿಚಿಪ್ಪನ್ನು ತೊಡೆಮೂಳೆಗೆ ಒತ್ತುತ್ತದೆ. ‘ಹತ್ತೋದು ಹೇಗೋ ಆಗುತ್ತೆ ಮೇಡಂ, ಇಳಿಯೋದೇ ಆಗಲ್ಲ’ ಎಂದು ಅವರು ಹೇಳುವಾಗ ರೋಗದ ಅರ್ಧ ವಿವರ ಸಿಕ್ಕಿಬಿಡುತ್ತದೆ.

ಇಂಥವರನ್ನು ಮಂಚದ ಮೇಲೆ ಕಾಲು ಚಾಚಿ ಕೂರಿಸಿ, ಮಂಡಿಯ ಕೆಳಗೆ ಸುರುಳಿ ಸುತ್ತಿದ ಟವೆಲ್ ಇಟ್ಟು, ‘ಅಮ್ಮಾ, ಟವೆಲನ್ನು ಮಂಚಕ್ಕೆ ಒತ್ತಿ’ ಎನ್ನುತ್ತೇನೆ. ಎರಡೂ ತೊಡೆಗಳ ಮೇಲೆ ಅಂಗೈ ಇಟ್ಟು ನೋಡಿದರೆ ನೋವಿಲ್ಲದ ಕಾಲಿನ ಸ್ನಾಯು ಕೈಯನ್ನು ಮೇಲಕ್ಕೆತ್ತುವಷ್ಟು ಗಟ್ಟಿಯಾಗುತ್ತದೆ; ನೋವಿನ ಕಾಲಿನಲ್ಲಿ, ಮಂಡಿಚಿಪ್ಪಿನ ಒಳಬದಿಗೆ ಸ್ವಲ್ಪ ಮೇಲೆ, ಸಣ್ಣಗೆ ಅದುರಿ ನಿಂತುಬಿಡುತ್ತದೆ. ಕೀಲು ಊದಿಕೊಂಡಾಗ ಆ ಸ್ನಾಯುವಿಗೆ ಹೋಗುವ ನರದ ಸಂಕೇತವೇ ಕುಗ್ಗುತ್ತದೆ. ಸ್ನಾಯು ಸೊರಗಿದಷ್ಟೂ ಕೀಲಿನ ಮೇಲೆ ಬೀಳುವ ಹೊಡೆತ ಹೆಚ್ಚುತ್ತದೆ, ಹೊಡೆತ ಹೆಚ್ಚಿದಷ್ಟೂ ಊತ ಹೆಚ್ಚುತ್ತದೆ. ಈ ಸುಳಿಯನ್ನು ಮುರಿಯಲು ಒತ್ತಿಹಿಡಿಯುವ ಈ ಸಣ್ಣ ಅಭ್ಯಾಸದಿಂದ ಮೊದಲುಮಾಡಿ, ಕುರ್ಚಿಯಿಂದ ಕೈಯೂರದೆ ಏಳುವುದು, ತಗ್ಗಿನ ಮೆಟ್ಟಿಲನ್ನು ನಿಧಾನವಾಗಿ ಇಳಿಯುವುದು ಎಂದು ಮುಂದುವರಿಯಬೇಕು. ಸ್ವಲ್ಪ ನೋವಾದರೆ ಹೆದರಬೇಕಿಲ್ಲ. ಮರುದಿನ ಬೆಳಿಗ್ಗೆ ಊತ ಹೆಚ್ಚಿದ್ದರೆ ಆ ದಿನ ಅಳತೆ ತಗ್ಗಿಸಿದರಾಯಿತು. ತೂಕ ಹೆಚ್ಚಿರುವವರು ಒಂದು ಕಿಲೋ ಇಳಿಸಿದರೆ ಪ್ರತಿ ಹೆಜ್ಜೆಯಲ್ಲೂ ಮಂಡಿಯ ಮೇಲೆ ಸುಮಾರು ನಾಲ್ಕು ಕಿಲೋ ಹೊರೆ ಇಳಿಯುತ್ತದೆ.

ನೋವಿನ ಮಾತ್ರೆಯನ್ನು ಮೆಡಿಕಲ್ ಶಾಪಿನಲ್ಲಿ ಕೇಳಿ ತಂದು ತಿಂಗಳುಗಟ್ಟಲೆ ನುಂಗಿದರೆ ಹೊಟ್ಟೆಗೂ ಮೂತ್ರಪಿಂಡಕ್ಕೂ ಅಪಾಯ. ಕೀಲಿಗೆ ಕೊಡುವ ಸ್ಟೀರಾಯ್ಡ್ ಇಂಜೆಕ್ಷನ್ ಊತ ಬಹಳವಿದ್ದಾಗ ಕೆಲವು ವಾರಗಳ ಬಿಡುವು ಕೊಡುತ್ತದೆ, ನಿಜ. ಆದರೆ ಮೂರು ತಿಂಗಳಿಗೊಮ್ಮೆ ಎರಡು ವರ್ಷ ಕೊಟ್ಟು ನೋಡಿದ, 2017ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ, ಬರಿಯ ಉಪ್ಪುನೀರಿನ ಇಂಜೆಕ್ಷನ್ ಪಡೆದವರಿಗಿಂತ ಸ್ಟೀರಾಯ್ಡ್ ಪಡೆದವರ ಮೃದ್ವಸ್ಥಿ ಹೆಚ್ಚು ಸವೆದಿತ್ತು, ನೋವಿನಲ್ಲಿ ಮಾತ್ರ ಗಣನೀಯ ವ್ಯತ್ಯಾಸವಿರಲಿಲ್ಲ. ಪ್ರತಿ ಕೊಯ್ಲಿಗೆ ಮುನ್ನ ಒಂದು ಇಂಜೆಕ್ಷನ್ ಎಂಬ ರೂಢಿ ನನಗೆ ಆತಂಕ ಹುಟ್ಟಿಸುವುದು ಇದರಿಂದಾಗಿಯೇ.

ಕೀಲುನೋವೆಲ್ಲ ದುಡಿಮೆಯ ಸವೆತವಲ್ಲ. ಬೆಳಿಗ್ಗೆ ಎದ್ದಾಗಿನ ಬಿಗಿತ ಅರ್ಧ ಗಂಟೆಯೊಳಗೆ ಸಡಿಲವಾದರೆ ಅದು ಸಾಮಾನ್ಯವಾಗಿ ಸವೆತದ ಲಕ್ಷಣ. ಗಂಟೆಗೂ ಹೆಚ್ಚು ಉಳಿದು, ಎರಡೂ ಕೈಬೆರಳುಗಳ ಗೆಣ್ಣುಗಳು ಊದಿದ್ದರೆ ರುಮಟಾಯ್ಡ್ ಸಂಧಿವಾತದ, ಅಂದರೆ ದೇಹದ ರೋಗನಿರೋಧಕ ಶಕ್ತಿಯೇ ಕೀಲಿನ ಮೇಲೆ ಎರಗುವ ಕಾಯಿಲೆಯ, ಶಂಕೆಯಿಂದ ಕೂಡಲೇ ರಕ್ತಪರೀಕ್ಷೆ ಮಾಡಿಸಬೇಕು. ಅದಕ್ಕೆ ಬೇರೆಯದೇ ಔಷಧಿಯಿದೆ, ತಡವಾದಷ್ಟೂ ಕೀಲು ಹಾಳಾಗುತ್ತದೆ. ಇನ್ನು ಹರೆಯದವರೇ ಸೊಂಟ, ಮಂಡಿ ಹಿಡಿದುಕೊಂಡು ಬಂದರೆ ಮನೆತನದ ವಿಚಾರ ಕೇಳಲೇಬೇಕು. ಸಾಗರ ತಾಲ್ಲೂಕಿನ ಹಂದಿಗೋಡಿನಲ್ಲಿ 1970ರ ದಶಕದ ಮಧ್ಯಭಾಗದಲ್ಲಿ ಗಮನಕ್ಕೆ ಬಂದು ಆ ಊರಿನ ಹೆಸರನ್ನೇ ಪಡೆದ ಕಾಯಿಲೆ ನಮ್ಮ ಚಿಕ್ಕಮಗಳೂರು ಜಿಲ್ಲೆಯ ಕೆಲವು ಹಳ್ಳಿಗಳಲ್ಲೂ ಇದೆ. ಗದ್ದೆಯ ಏಡಿ ತಿಂದದ್ದರಿಂದ, ಅದರಲ್ಲಿದ್ದ ಕೀಟನಾಶಕದಿಂದ ಬಂತೆಂದು ಮೊದಲು ಶಂಕಿಸಲಾಗಿತ್ತು. ಮೂಳೆ ಮತ್ತು ಕೀಲಿನ ಬೆಳವಣಿಗೆಯಲ್ಲೇ ಇರುವ ಆನುವಂಶಿಕ ದೋಷವೆಂದು ಮುಂದಿನ ಸಂಶೋಧನೆಗಳು ತೋರಿಸಿದವು. ತಂದೆತಾಯಿಯರಲ್ಲಿ ಒಬ್ಬರಿಗಿದ್ದರೂ ಪ್ರತಿ ಮಗುವಿಗೂ ಅದು ಬರುವ ಸಾಧ್ಯತೆ ಅರ್ಧದಷ್ಟಿರುತ್ತದೆ. ಇದರಿಂದ ಕುಗ್ಗಿದವರಲ್ಲಿ ಹೆಚ್ಚಿನವರು ಭೂಮಿಯಿಲ್ಲದ ದಲಿತ ಕುಟುಂಬದವರು. ಕೂಲಿಯೇ ಜೀವನಾಧಾರವಾಗಿರುವ ಮನೆಯಲ್ಲಿ ಸೊಂಟದ ಕೀಲು ಹರೆಯದಲ್ಲೇ ಕೈಕೊಟ್ಟರೆ ಆ ಮನೆ ನಡೆಯುವುದು ಹೇಗೆಂಬುದು ಬರಿಯ ವೈದ್ಯಕೀಯ ಪ್ರಶ್ನೆಯಲ್ಲ.

ರಾತ್ರಿ ನಿದ್ದೆಗೆಡಿಸುವ ನೋವು, ಬಿಲ್ಲಿನಂತೆ ಬಾಗಿದ ಕಾಲು, ಮನೆಯೊಳಗೆ ನಡೆಯಲೂ ಕಷ್ಟ ಎಂಬ ಹಂತಕ್ಕೆ ಬಂದವರಿಗೆ ಮಂಡಿ ಬದಲಿ ಶಸ್ತ್ರಚಿಕಿತ್ಸೆ ಒಳ್ಳೆಯ ಚಿಕಿತ್ಸೆಯೇ. ಮುಂಚಿನಿಂದ ತೊಡೆಯ ಸ್ನಾಯುವನ್ನು ಬಲಪಡಿಸಿಕೊಂಡವರು ಶಸ್ತ್ರಚಿಕಿತ್ಸೆಯ ನಂತರ ಬೇಗ ಚೇತರಿಸಿಕೊಳ್ಳುವುದನ್ನು ಕಂಡಿದ್ದೇನೆ. ಅಲ್ಲಿಗೆ ತಲುಪದಂತೆ ತೋಟದ ಮಾಲೀಕರೂ ಕೆಲಸದ ಉಸ್ತುವಾರಿ ನೋಡುವ ರೈಟರುಗಳೂ ಮಾಡಬಹುದಾದ ಕೆಲಸಗಳಿವೆ. ತೂಕದ ಜಾಗವನ್ನು ಕೊಯ್ಲಿನ ಸಾಲುಗಳ ಹತ್ತಿರಕ್ಕೆ ತಂದು, ಹಣ್ಣಿನ ಚೀಲವನ್ನು ಅಲ್ಲಿಂದ ಟ್ರ್ಯಾಕ್ಟರಿಗೋ ಪಿಕಪ್ಪಿಗೋ ತುಂಬಿಸಬೇಕು. ಕಡಿದಾದ ಕಡೆ ಕಾಲುದಾರಿಗೆ ಮೆಟ್ಟಿಲು ಕಡಿಸಬೇಕು. ಮಂಡಿ ಊದಿದವರಿಗೆ ಆ ವಾರದ ಮಟ್ಟಿಗೆ ಕಣದಲ್ಲಿ ಕೆಲಸ ಕೊಡಬೇಕು, ಕೂಲಿಯನ್ನು ಮಾತ್ರ ಕಡಿತ ಮಾಡಬಾರದು.