ಎದ್ದು ಹೋಗಲಾಗದವರ ಕೋಣೆಯಲ್ಲಿ ಹೊಗೆ

ನಾನು ಕೋಲಾರದಲ್ಲಿ ವಕೀಲಿ ವೃತ್ತಿ ಮಾಡುತ್ತೇನೆ. ಉಚಿತ ಕಾನೂನು ನೆರವಿನ ಪ್ಯಾನೆಲ್‌ನಲ್ಲಿರುವುದರಿಂದ ತಿಂಗಳಲ್ಲಿ ಕೆಲವು ದಿನ ಜೈಲುಗಳಿಗೆ ಹೋಗಿ ಬಂಧಿಗಳನ್ನು ಕಾಣುವ ಕೆಲಸವೂ ನನಗಿದೆ. ಇದನ್ನು ತಿಳಿದವರು, ಅವರು ನ್ಯಾಯಾಲಯದ ಆವರಣದಲ್ಲಿ ಸಿಗುವ ಕಕ್ಷಿದಾರರಾಗಲಿ, ಕಾನೂನು ಅರಿವು ಶಿಬಿರಕ್ಕೆ ಬರುವ ಹಳ್ಳಿಯ ಹಿರಿಯರಾಗಲಿ, ಒಂದು ಪ್ರಶ್ನೆಯನ್ನು ಕೇಳದೆ ಬಿಡುವುದಿಲ್ಲ: ಜೈಲಿನಲ್ಲಿ ಬೀಡಿ, ಸಿಗರೇಟು ಸೇದುವುದನ್ನು ಪೂರ್ತಿ ನಿಷೇಧಿಸಬೇಕಲ್ಲವೇ? 2024ರ ಆಗಸ್ಟ್‌ನಲ್ಲಿ ಪರಪ್ಪನ ಅಗ್ರಹಾರದ ಜೈಲಿನಲ್ಲಿ ಖ್ಯಾತ ನಟರೊಬ್ಬರು ಸಿಗರೇಟು ಹಿಡಿದು ಕುಳಿತಿದ್ದ ಚಿತ್ರ ಹೊರಬಂದು, ಒಂಬತ್ತು ಮಂದಿ ಜೈಲು ಸಿಬ್ಬಂದಿ ಅಮಾನತುಗೊಂಡ ಮೇಲಂತೂ ಈ ಪ್ರಶ್ನೆ ಹೆಚ್ಚಾಯಿತು. ಕೇಳುವವರಲ್ಲಿ ಬಹುಪಾಲು ಜನರ ದನಿಯಲ್ಲಿ ಸಿಟ್ಟಿರುತ್ತದೆ. ತಪ್ಪು ಮಾಡಿ ಒಳಗೆ ಹೋದವರಿಗೆ ಈ ಸುಖವೇಕೆ ಎಂಬುದು ಅವರ ಮಾತಿನ ಒಳಗಿರುವ ಮಾತು.

ನಿಷೇಧಿಸಬೇಕು ಎಂಬುದೇ ನನ್ನ ಉತ್ತರವೂ ಹೌದು. ಆದರೆ ಸೇದುವವನನ್ನು ಇನ್ನಷ್ಟು ದಂಡಿಸಬೇಕೆಂಬ ಕಾರಣಕ್ಕೆ ನಾನು ಹಾಗೆ ಹೇಳುತ್ತಿಲ್ಲ. ಅವನ ಪಕ್ಕದಲ್ಲಿ ಮಲಗಿರುವವನ ಕಾರಣಕ್ಕೆ ಹೇಳುತ್ತೇನೆ.

ಕೆಲವು ವರ್ಷಗಳ ಹಿಂದೆ ಒಂದು ಜೈಲಿನಲ್ಲಿ ನಾನು ಕಂಡ ಬಂಧಿಯೊಬ್ಬರು ಟೊಮೆಟೊ ಮಂಡಿಯಲ್ಲಿ ಕ್ರೇಟು ಹೊರುವ ಕೂಲಿಯವರು. ಜಾಮೀನು ಅರ್ಜಿಯ ಕಾಗದಗಳಿಗೆ ಸಹಿ ಹಾಕಿದ ಮೇಲೆ ಅವರು ತಗ್ಗಿದ ದನಿಯಲ್ಲಿ, "ಸಾರ್, ಬೇಲು ಯಾವಾಗ ಆಗುತ್ತೋ ಆಗಲಿ, ಬ್ಯಾರಕ್ ಬದಲಾಯಿಸೋಕೆ ಒಂದು ಅರ್ಜಿ ಬರೆದುಕೊಡ್ತೀರಾ?" ಎಂದು ಕೇಳಿದರು. ಅವರಿಗೆ ಹಿಂದೆ ಕ್ಷಯವಾಗಿ, ಆರು ತಿಂಗಳು ಮಾತ್ರೆ ನುಂಗಿ ವಾಸಿಯಾಗಿತ್ತು. ಹೊರಗಿದ್ದಾಗ ಅವರು ಬೀಡಿ ಮುಟ್ಟಿದವರಲ್ಲ. ಒಳಗೆ ಸಂಜೆ ಬೀಗ ಬಿದ್ದ ಮೇಲೆ ಬೆಳಗಾಗುವವರೆಗೆ ನಾಲ್ಕೈದು ಮಂದಿ ಒಬ್ಬರಾದ ಮೇಲೊಬ್ಬರು ಸೇದುತ್ತಿದ್ದರು. ಕಿಟಕಿಯ ಪಕ್ಕದ ಜಾಗ ಹಳಬರ ಪಾಲಾಗಿತ್ತು. ಹೊಸಬರಾದ ಇವರು ಗೋಡೆಯ ಮೂಲೆಯಲ್ಲಿ ಮೂಗಿಗೆ ಟವೆಲ್ಲು ಮುಚ್ಚಿಕೊಂಡು ಮಲಗುತ್ತಿದ್ದರು. ಅರ್ಜಿ ಬರೆಯಲು ಕುಳಿತಾಗ ನನಗೆ ಹೊಳೆದದ್ದು ಇಷ್ಟು: ಯಾವ ಬ್ಯಾರಕ್ಕಿಗೆ ಕಳುಹಿಸಿ ಎಂದು ಕೇಳುವುದು? ಹೊಗೆಯಿಲ್ಲದ ಬ್ಯಾರಕ್ ಎಂಬುದೊಂದು ಅಲ್ಲಿ ಇರಲೇ ಇಲ್ಲ.

ಬಸ್ಸಿನಲ್ಲಿ ಯಾರಾದರೂ ಬೀಡಿ ಹಚ್ಚಿದರೆ ಕಂಡಕ್ಟರ್‌ಗೆ ಹೇಳಬಹುದು, ಮುಂದಿನ ಸ್ಟಾಪಿನಲ್ಲಿ ಇಳಿಯಲೂಬಹುದು. ಹೋಟೆಲಿನಲ್ಲಿ ಮೇಜು ಬದಲಾಯಿಸಬಹುದು. ಬಂಧಿಗೆ ಈ ಯಾವುದೂ ಇಲ್ಲ. ಸರ್ಕಾರವೇ ಅವನನ್ನು ಆ ಕೋಣೆಯಲ್ಲಿಟ್ಟು ಹೊರಗಿನಿಂದ ಬೀಗ ಹಾಕಿದೆ. ಹಾಗೆ ಬೀಗ ಹಾಕಿದವರಿಗೆ ಒಳಗಿನ ಗಾಳಿಯ ಹೊಣೆಯೂ ಸೇರಿಯೇ ಬರುತ್ತದೆ ಎಂದು ನಾನು ನಂಬಿದ್ದೇನೆ. ನಮ್ಮ ಜಿಲ್ಲೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. 2001ರಲ್ಲಿ ಮುಚ್ಚಿದ ಕೆಜಿಎಫ್ ಗಣಿಗಳಲ್ಲಿ ದುಡಿದವರ ಶ್ವಾಸಕೋಶದಲ್ಲಿ ಕಲ್ಲಿನ ಧೂಳು ಕುಳಿತು ಸಿಲಿಕೋಸಿಸ್ ಆದದ್ದನ್ನು, ಅದರ ಬೆನ್ನಿಗೇ ಕ್ಷಯ ಹತ್ತಿದ್ದನ್ನು ಇಲ್ಲಿನ ಎಷ್ಟೋ ಮನೆಗಳು ಕಂಡಿವೆ. ಗಣಿಗೆ ಇಳಿಸಿದವರು ಅಲ್ಲಿನ ಗಾಳಿಗೆ ಹೊಣೆ ಎಂದು ನಾವು ವಾದಿಸುವುದಾದರೆ, ಜೈಲಿನೊಳಗೆ ಕೂಡಿಹಾಕಿದವರ ವಿಷಯದಲ್ಲಿಯೂ ಅದನ್ನೇ ಹೇಳಬೇಕು.

"ತಪ್ಪು ಮಾಡಿ ಒಳಗೆ ಹೋದವರು" ಎಂಬ ಮಾತಿಗೂ ಉತ್ತರ ಕೊಡಬೇಕು. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ 2022ರ ಅಂಕಿಅಂಶಗಳಂತೆ ದೇಶದ ಜೈಲುಗಳಲ್ಲಿದ್ದ 5.73 ಲಕ್ಷ ಬಂಧಿಗಳಲ್ಲಿ ನೂರಕ್ಕೆ ಸುಮಾರು 76 ಮಂದಿ ವಿಚಾರಣಾಧೀನರು. ಅವರ ಮೇಲಿನ ಆರೋಪ ಇನ್ನೂ ಸಾಬೀತಾಗಿರಲಿಲ್ಲ. ನೂರು ಮಂದಿಗೆ ಇರುವ ಜಾಗದಲ್ಲಿ 131 ಮಂದಿ ಇದ್ದರು ಎಂಬುದನ್ನೂ ಅದೇ ವರದಿ ಹೇಳುತ್ತದೆ. ಇಷ್ಟು ಒತ್ತೊತ್ತಾಗಿ ಮಲಗುವ ಜಾಗದಲ್ಲಿ ಕ್ಷಯ ಹೊರಗಿನ ಸಮಾಜಕ್ಕಿಂತ ಹಲವು ಪಟ್ಟು ಹೆಚ್ಚು ಹರಡುತ್ತದೆ, ಧೂಮಪಾನ ಆ ಅಪಾಯವನ್ನು ಇನ್ನಷ್ಟು ಹೆಚ್ಚಿಸುತ್ತದೆ. ಸಿಗರೇಟಿಗಿಂತ ಬೀಡಿ ಹಗುರ ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿದೆ, ಆದರೆ ಅದು ನಿಜವಲ್ಲ. ಎಲೆಯಲ್ಲಿ ಸುತ್ತಿದ ಆ ಚಿಕ್ಕ ಬೀಡಿ ಆರದಂತೆ ನೋಡಿಕೊಳ್ಳಲು ಮತ್ತೆ ಮತ್ತೆ ಜೋರಾಗಿ ಎಳೆಯಬೇಕಾಗುತ್ತದೆ. ನಿಕೋಟಿನ್, ಟಾರು, ಕಾರ್ಬನ್ ಮಾನಾಕ್ಸೈಡ್ ಯಾವುದರಲ್ಲಿಯೂ ಅದು ಸಿಗರೇಟಿಗೆ ಕಡಿಮೆಯಲ್ಲ.

ಕಾನೂನು ಏನು ಹೇಳುತ್ತದೆ? ಸಾರ್ವಜನಿಕ ಸ್ಥಳಗಳಲ್ಲಿ ಧೂಮಪಾನ ಕೂಡದೆಂದು ಸುಪ್ರೀಂ ಕೋರ್ಟ್ 2001ರಲ್ಲಿ, ಮುರಳಿ ದೇವರಾ ಅವರು ಹೂಡಿದ್ದ ಪ್ರಕರಣದಲ್ಲಿ ಆದೇಶಿಸಿತು. 2003ರ ಕೋಟ್ಪಾ ಎಂಬ ತಂಬಾಕು ನಿಯಂತ್ರಣ ಕಾಯ್ದೆ ಅದನ್ನು ಶಾಸನವಾಗಿಸಿತು. 2025ರಲ್ಲಿ ಜಾರಿಗೆ ಬಂದ ಕರ್ನಾಟಕದ ತಿದ್ದುಪಡಿ ಅದರ ದಂಡವನ್ನು 200 ರೂಪಾಯಿಯಿಂದ 1,000 ರೂಪಾಯಿಗೆ ಏರಿಸಿತು. ಜೈಲಿನ ಕಚೇರಿ, ಸಂದರ್ಶನದ ಕೊಠಡಿ ಸಾರ್ವಜನಿಕ ಸ್ಥಳ ಎಂದು ಎಲ್ಲರೂ ಒಪ್ಪುತ್ತಾರೆ. ಬೀಗ ಬಿದ್ದ ಬ್ಯಾರಕ್ಕಿನ ವಿಷಯ ಬಂದಾಗ ಮಾತ್ರ, ಸಾರ್ವಜನಿಕರು ಅಲ್ಲಿಗೆ ಬರುವುದಿಲ್ಲವಲ್ಲ ಎಂಬ ವಾದ ಏಳುತ್ತದೆ. ವಾರ್ಡರ್‌ಗಳಿಗೆ ಅದು ಕೆಲಸದ ಸ್ಥಳ ಎಂಬುದು ನನ್ನ ಪ್ರತಿವಾದ. ಅದಕ್ಕಿಂತ ಗಟ್ಟಿಯಾದ ನೆಲೆ ಜೀವಿಸುವ ಹಕ್ಕನ್ನು ಕಾಯುವ ಸಂವಿಧಾನದ 21ನೇ ವಿಧಿಯಲ್ಲಿದೆ: ಜೈಲಿನ ಬಾಗಿಲು ದಾಟಿದ ಮಾತ್ರಕ್ಕೆ ಮನುಷ್ಯನ ಮೂಲಭೂತ ಹಕ್ಕುಗಳು ಅಳಿಯುವುದಿಲ್ಲವೆಂದು ಸುಪ್ರೀಂ ಕೋರ್ಟಿನ 1978ರ ಸುನಿಲ್ ಬಾತ್ರಾ ತೀರ್ಪು ಸಾರಿದೆ. ಅಮೆರಿಕದ ನೆವಾಡಾದಲ್ಲಿ ದಿನಕ್ಕೆ ಐದು ಪ್ಯಾಕು ಸೇದುವವನೊಂದಿಗೆ ಒಂದೇ ಕೋಣೆಯಲ್ಲಿದ್ದ ಕೈದಿಯೊಬ್ಬ ಹೂಡಿದ ದಾವೆಯಲ್ಲಿ, ಮುಂದೆ ಆಗಬಹುದಾದ ಹಾನಿಗಾಗಿಯೂ ಬಂಧಿ ನ್ಯಾಯಾಲಯದ ಮೆಟ್ಟಿಲೇರಬಹುದೆಂದು ಅಲ್ಲಿನ ಸುಪ್ರೀಂ ಕೋರ್ಟ್ 1993ರಲ್ಲಿಯೇ ಹೇಳಿತು. ನಮ್ಮಲ್ಲಿ ಅಂಥ ದಾವೆ ಹೂಡಲು ಬೇಕಾದ ದುಡ್ಡು, ಧೈರ್ಯ ಎರಡೂ ಆ ಕೂಲಿಯವರ ಬಳಿ ಇರಲಿಲ್ಲ.

ನನ್ನ ಮಾತನ್ನು ಒಪ್ಪದವರು ಹೇಳುವುದನ್ನು ನಾನು ಹಗುರವಾಗಿ ಕಾಣುವುದಿಲ್ಲ. ಮನೆ, ಮಕ್ಕಳು, ಕೆಲಸ ಎಲ್ಲವೂ ಕೈತಪ್ಪಿ ಹೋದವನಿಗೆ ಬೀಡಿಯೊಂದೇ ಆಸರೆ, ಅದನ್ನೂ ಕಿತ್ತುಕೊಳ್ಳುವುದು ಕ್ರೌರ್ಯ ಎನ್ನುತ್ತಾರೆ. ನಿಮ್ಹಾನ್ಸ್ ವೈದ್ಯರು ಬೆಂಗಳೂರಿನ ಕೇಂದ್ರ ಕಾರಾಗೃಹದಲ್ಲಿ ಐದು ಸಾವಿರಕ್ಕೂ ಹೆಚ್ಚು ಬಂಧಿಗಳನ್ನು ಪರೀಕ್ಷಿಸಿದಾಗ, ಹತ್ತರಲ್ಲಿ ಸುಮಾರು ಎಂಟು ಮಂದಿಗೆ ಮಾನಸಿಕ ಕಾಯಿಲೆಯೋ ವ್ಯಸನವೋ ಇದ್ದದ್ದು ಕಂಡುಬಂತು. ಅಂಥವನ ಕೈಯಿಂದ ಒಂದು ಬೆಳಿಗ್ಗೆ ದಿಢೀರನೆ ಬೀಡಿ ಕಸಿದುಕೊಂಡರೆ ಮೊದಲ ಮೂರು ನಾಲ್ಕು ದಿನ ನಿದ್ದೆಯಿಲ್ಲದೆ, ಸಿಡಿಮಿಡಿಗೊಂಡು, ಕೈ ನಡುಗುತ್ತಾ ಅವನು ಪಡುವ ಪಾಡು ನಿಜವಾದದ್ದು. ಆ ಕಾರಣಕ್ಕೇ, ಚಿಕಿತ್ಸೆಯಿಲ್ಲದ ನಿಷೇಧವನ್ನು ನಾನು ಬೆಂಬಲಿಸುವುದಿಲ್ಲ. ಬೀಡಿಯ ಹಂಬಲ ತಗ್ಗಿಸುವ ನಿಕೋಟಿನ್ ಚೂಯಿಂಗ್ ಗಮ್ಮು, ಚರ್ಮಕ್ಕೆ ಅಂಟಿಸುವ ಪಟ್ಟಿಗಳು ದುರ್ಲಭ ಔಷಧಗಳೇನಲ್ಲ. 2022ರ ರಾಷ್ಟ್ರೀಯ ಅಗತ್ಯ ಔಷಧಗಳ ಪಟ್ಟಿಯಲ್ಲಿಯೇ ನಿಕೋಟಿನ್ ಬದಲಿ ಚಿಕಿತ್ಸೆ ಸೇರಿದೆ. ಜಿಲ್ಲಾ ಆಸ್ಪತ್ರೆಯ ತಂಬಾಕು ವ್ಯಸನಮುಕ್ತಿ ಕೇಂದ್ರದ ಆಪ್ತಸಮಾಲೋಚಕರು ವಾರಕ್ಕೊಮ್ಮೆ ಜೈಲಿಗೆ ಬರುವಂತೆ ಮಾಡುವುದು ಒಂದು ಸುತ್ತೋಲೆಯಿಂದ ಆಗಬಹುದಾದ ಕೆಲಸ.

ಇನ್ನೊಂದು ಆಕ್ಷೇಪ ಕಾಳಸಂತೆಯದು. ನಿಷೇಧವಾದ ದಿನದಿಂದ ಬೀಡಿಯ ಕಟ್ಟು ಒಳಗಿನ ನಾಣ್ಯವಾಗುತ್ತದೆ, ದುಡ್ಡಿದ್ದವನಿಗೆ ಸಿಗುತ್ತದೆ, ಬಡವ ಒಂದು ಮೋಟುಬೀಡಿಗಾಗಿ ಇನ್ನೊಬ್ಬರ ಬಟ್ಟೆ ಒಗೆಯುತ್ತಾನೆ. ಈ ಭಯ ನನಗೂ ಇದೆ. ಬೀಡಿ ಗೇಟಿನ ಮೂಲಕ ಒಳಬರುತ್ತದೆಯೇ ಹೊರತು ಗೋಡೆಯಿಂದ ಹುಟ್ಟುವುದಿಲ್ಲ. ಆದ್ದರಿಂದ ನಿಷೇಧ ಮೊದಲು ಸಮವಸ್ತ್ರಕ್ಕೆ ಅನ್ವಯವಾಗಬೇಕು. ಜೇಬಿನಲ್ಲಿ ಸಿಗರೇಟಿಟ್ಟುಕೊಂಡ ಸಿಬ್ಬಂದಿ ಬಂಧಿಯ ಬೀಡಿಯನ್ನು ಕಿತ್ತುಕೊಂಡರೆ ಅದನ್ನು ಯಾರೂ ನಿಯಮವೆಂದು ಗೌರವಿಸುವುದಿಲ್ಲ.

ನಿಷೇಧ ಹೇರುವ ರೀತಿಯೂ ಮುಖ್ಯ. ಆಸ್ಟ್ರೇಲಿಯಾದ ಮೆಲ್ಬರ್ನ್ ನಗರದ ರೇವನ್‌ಹಾಲ್ ಪ್ರದೇಶದಲ್ಲಿರುವ ವಿಚಾರಣಾಧೀನರ ಜೈಲಿನಲ್ಲಿ 2015ರ ಜೂನ್ 30ರಂದು, ನಿಷೇಧ ಜಾರಿಯಾಗುವ ಹಿಂದಿನ ದಿನ, ದೊಡ್ಡ ಗಲಭೆಯಾಯಿತು. ನ್ಯೂಜಿಲೆಂಡಿನಲ್ಲಿ 2011ರ ನಿಷೇಧವನ್ನು ಕೈದಿಯೊಬ್ಬರು ಪ್ರಶ್ನಿಸಿದಾಗ, ಅದನ್ನು ಹೇರಿದ ಕ್ರಮ ಕಾನೂನುಬಾಹಿರವೆಂದು ನ್ಯಾಯಾಲಯ ಹೇಳಿ, ಸರ್ಕಾರ ಕಾಯ್ದೆಯನ್ನೇ ತಿದ್ದಬೇಕಾಯಿತು. ಸ್ಕಾಟ್ಲೆಂಡ್ ಮಾತ್ರ 2017ರ ಜುಲೈನಲ್ಲಿಯೇ ದಿನಾಂಕ ಸಾರಿ, ಬಿಡಿಸುವ ಚಿಕಿತ್ಸೆಗೆ ಏರ್ಪಾಡು ಮಾಡಿಕೊಂಡು, 2018ರ ನವೆಂಬರ್ 30ರಂದು ನಿಷೇಧ ತಂದಿತು; ಒಂದೇ ವಾರದಲ್ಲಿ ಅಲ್ಲಿನ ಜೈಲುಗಳ ಗಾಳಿಯಲ್ಲಿದ್ದ ಹೊಗೆಯ ಸೂಕ್ಷ್ಮ ಕಣಗಳು ನೂರಕ್ಕೆ ಎಂಬತ್ತರಷ್ಟು ಇಳಿದವು. ಅವರು ಬಂಧಿಗಳಿಗೆ ಇ-ಸಿಗರೇಟು ಕೊಳ್ಳಲು ಅವಕಾಶ ಕೊಟ್ಟಿದ್ದರು. ನಮ್ಮಲ್ಲಿ 2019ರಿಂದ ಇ-ಸಿಗರೇಟೇ ನಿಷಿದ್ಧವಾಗಿರುವುದರಿಂದ ಆ ದಾರಿ ನಮಗಿಲ್ಲ, ಆದ್ದರಿಂದ ಗಮ್ಮು, ಪಟ್ಟಿ ಮತ್ತು ಸಮಾಲೋಚನೆಗೆ ನಾವು ಇನ್ನೂ ಹೆಚ್ಚು ಖರ್ಚು ಮಾಡಬೇಕಾಗುತ್ತದೆ.

ಕಡ್ಡಿಪುಡಿ, ಗುಟ್ಕಾಗಳ ಬಗ್ಗೆಯೂ ಕೆಲವರು ಕೇಳುತ್ತಾರೆ. ಅವು ಬಾಯಿಯ ಕ್ಯಾನ್ಸರ್ ತರುತ್ತವೆ, ಬಿಡಿಸಲೇಬೇಕು. ಆದರೆ ಅವು ಪಕ್ಕದವನ ಶ್ವಾಸಕೋಶಕ್ಕೆ ಇಳಿಯುವುದಿಲ್ಲ. ಮೊದಲ ಸರದಿ ಹೊಗೆಯದೇ ಆಗಬೇಕು ಎಂಬುದು ನನ್ನ ಅಭಿಪ್ರಾಯ.

ನಿಯಮ ಸ್ಪಷ್ಟವಾಗುವವರೆಗೆ ಕಾಯದೆ ನಾಳೆಯೇ ಮಾಡಬಹುದಾದದ್ದು ಒಂದಿದೆ: ಪ್ರತಿ ಜೈಲಿನಲ್ಲಿ ಕನಿಷ್ಠ ಒಂದು ಬ್ಯಾರಕ್ಕನ್ನು ಹೊಗೆರಹಿತವೆಂದು ಗುರುತಿಸಿ, ಕ್ಷಯವಾಗಿದ್ದವರು, ಅಸ್ತಮಾ ಇರುವವರು, ಬೀಡಿ ಬಿಡಬೇಕೆಂದಿರುವವರು ಕೇಳಿದ ಕೂಡಲೇ ಅಲ್ಲಿಗೆ ಕಳುಹಿಸುವುದು. ಆ ಕೂಲಿಯವರ ಅರ್ಜಿಯಲ್ಲಿ ಕೊನೆಗೆ ನಾನು ಬರೆದದ್ದೂ ಇದನ್ನೇ. ಆದೇಶ ಬರುವ ಮೊದಲೇ ಅವರಿಗೆ ಜಾಮೀನು ಸಿಕ್ಕಿತು, ಅರ್ಜಿ ಅಲ್ಲಿಗೇ ನಿಂತಿತು. ಅಂದಿನಿಂದ, ಮಗನನ್ನೋ ಗಂಡನನ್ನೋ ನೋಡಲು ಹೊರಟವರು ಏನು ಒಯ್ಯಬೇಕೆಂದು ಕೇಳಿದಾಗ, ಬೀಡಿ ಕಟ್ಟು ಬೇಡ, ಮನೆಯಲ್ಲಿರುವ ಹಳೆಯ ಆಸ್ಪತ್ರೆ ಚೀಟಿಗಳನ್ನು ಹುಡುಕಿ ನಕಲು ತೆಗೆಸಿ ನನ್ನ ಕೈಗೆ ಕೊಡಿ ಎಂದು ಹೇಳುತ್ತಿದ್ದೇನೆ. ಮುಂದಿನ ಅರ್ಜಿಗೆ ಅವು ಬೇಕಾಗುತ್ತವೆ.